ಹೊಸ ದಂಡಿನ ಮೊದಲ ಆಟ: ರಸಿಕರಿಗೊಂದು ಕೈಪಿಡಿ

ಯಕ್ಷಗಾನ ನೋಡಿ ಬೆಳೆದವರಿಗೆ ಮೇಜಿನ ಯುದ್ಧದಾಟವನ್ನು ಸವಿಯುವ ದಾರಿ ಅರ್ಧ ತಿಳಿದೇ ಇರುತ್ತದೆ. ಕರ್ಣ ಸಾಯುತ್ತಾನೆಂದು ಗೊತ್ತಿದ್ದೂ ಜನ ಬೆಳಗಿನವರೆಗೆ ಕೂರುತ್ತಾರೆ. ಒಡ್ಡೋಲಗದಲ್ಲಿ ವೇಷ ಹೇಗೆ ಬಂತು, ಎದುರಾಳಿಯ ಮಾತಿಗೆ ಹೇಗೆ ತಿರುಗಿ ನಿಂತಿತು ಎಂಬುದನ್ನು ನೋಡುವುದಕ್ಕಾಗಿ ಕೂರುತ್ತಾರೆ. ಬೋಳಾರ ನಾರಾಯಣ ಶೆಟ್ಟರಂಥ ಕಲಾವಿದರ ಹೆಸರಿನೊಡನೆ ಬೆರೆತಿರುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ ಆಡುವ ಯುದ್ಧದಾಟಕ್ಕೂ, ಅದರಲ್ಲೂ ಗೆಳೆಯನೊಬ್ಬ ಹೊಸ ದಂಡನ್ನು ಮೊದಲ ಸಲ ಇಳಿಸುವ ಆಟಕ್ಕೂ, ಇದೇ ಕಣ್ಣು ಬೇಕು. ಆ ಸಂಜೆ ನೋಡಬೇಕಾದದ್ದು ದಂಡಿನ ಸ್ವಭಾವ. ಗೆಲುವಿನ ಲೆಕ್ಕ ಮುಂದಿನ ಆಟಗಳಿಗಿರಲಿ.

ಈ ಯುದ್ಧದಾಟದ ಬೇರು ನಮ್ಮ ನೆಲದ್ದೇ. ರಥ, ಗಜ, ಅಶ್ವ, ಪದಾತಿ ಎಂಬ ನಾಲ್ಕು ಅಂಗಗಳ ಚದುರಂಗ ಪಶ್ಚಿಮಕ್ಕೆ ಹೋಗಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಹೆಲ್‌ವಿಗ್ ಆ ಮಣೆಯನ್ನೇ ಹಿಗ್ಗಿಸಿ, ಚೌಕಗಳಿಗೆ ಗುಡ್ಡ, ಜೌಗು, ನೀರಿನ ಬಣ್ಣ ಕೊಟ್ಟು ಯುದ್ಧದಾಟ ಕಟ್ಟಿದರು. ಪ್ರಷ್ಯದ ರೈಸ್‌ವಿಟ್ಜ್ 1812ರಲ್ಲಿ ದೊರೆಗೆ ಒಪ್ಪಿಸಿದ ಇನ್ನೊಂದು ಆಟವನ್ನು ಅವರ ಮಗ ತಿದ್ದಿ 1824ರಲ್ಲಿ ಪ್ರಕಟಿಸಿದಾಗ ಅದು ಸೇನಾಧಿಕಾರಿಗಳ ತರಬೇತಿಗೂ ಬಂತು. ಅದೇ ಶತಮಾನದಲ್ಲಿ ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ ನಡೆಯ ಒಗಟುಗಳನ್ನೂ ಹೊಸ ಮಣೆಯಾಟಗಳನ್ನೂ ರಚಿಸುತ್ತಿದ್ದರು. 1913ರಲ್ಲಿ ಎಚ್. ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಬರೆದು ಸೀಸದ ಸೈನಿಕರ ಯುದ್ಧವನ್ನು ಮನೆಯ ನೆಲಕ್ಕೆ ಇಳಿಸಿದರು. ಇಂದಿನ ಹುಡುಗರಿಗೆ ಗೊತ್ತಿರುವ ವಾರ್‌ಹ್ಯಾಮರ್ 40,000 ಬಂದದ್ದು 1987ರಲ್ಲಿ.

ಚದುರಂಗದಲ್ಲಿ ಇಬ್ಬರಿಗೂ ಒಂದೇ ಸೈನ್ಯ. ಇಲ್ಲಿ ಸೈನ್ಯವನ್ನೇ ಆರಿಸಿಕೊಳ್ಳಬೇಕು. ಒಬ್ಬ ರೋಮನ್ ಪದಾತಿ ಕಟ್ಟುತ್ತಾನೆ, ಇನ್ನೊಬ್ಬ ಹುಲ್ಲುಗಾವಲಿನ ಕುದುರೆ ಸವಾರರನ್ನು ಕಟ್ಟುತ್ತಾನೆ. ಎರಡೂ ಒಂದಕ್ಕೊಂದು ಸಾಟಿಯಾಗುವಂತೆ ನಿಯಮ ನೋಡಿಕೊಳ್ಳುತ್ತದೆ, ಆದರೆ ಎರಡೂ ಒಂದೇ ರೀತಿ ಕಾದುವುದಿಲ್ಲ. ಹೊಸ ದಂಡಿನ ಮೊದಲ ಆಟಕ್ಕೆ ಇಷ್ಟು ಕುತೂಹಲ ಇರುವುದು ಇದರಿಂದಲೇ: ಕಾಗದದ ಮೇಲೆ ಬಲಿಷ್ಠವಾಗಿ ಕಂಡ ಪಡೆ ಎದುರಾಳಿಯ ಮುಂದೆ ಏನು ಮಾಡುತ್ತದೆಂದು ಕಟ್ಟಿದವನಿಗೂ ಗೊತ್ತಿರುವುದಿಲ್ಲ.

ಹೊಸಬರಿಗೆ ನಾನು ಹೇಳುವ ನಿಯಮಾವಳಿ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’. 1990ರಲ್ಲಿ ಫಿಲ್ ಬಾರ್ಕರ್ ಮತ್ತು ರಿಚರ್ಡ್ ಬಾಡ್ಲಿ ಸ್ಕಾಟ್ ಬರೆದದ್ದು. ಆಡುವವರ ಬಾಯಲ್ಲಿ ಬರೀ ಡಿಬಿಎ. ಪ್ರತಿ ಸೈನ್ಯಕ್ಕೆ ಹನ್ನೆರಡೇ ತುಕಡಿ. 15 ಮಿಲಿಮೀಟರ್ ಗೊಂಬೆಗಳಾದರೆ ಒಂದೊಂದು ತುಕಡಿಯ ಬೇಸ್ 40 ಮಿ.ಮೀ. ಅಗಲ, ರಣರಂಗ ಎರಡಡಿ ಚೌಕ. ಮಂಗಳೂರಿನ ಬೋಳಾರದ ಹಳೆಯ ಹಂಚಿನ ಮನೆಯ ಚಾವಡಿಯಲ್ಲಿ ಒಂದು ಸಣ್ಣ ಮೇಜು ಸಾಕು, ಸುತ್ತ ನಾಲ್ಕು ಜನ ನಿಂತು ನೋಡಲು ಜಾಗವೂ ಉಳಿಯುತ್ತದೆ. ನಾಲ್ಕು ತುಕಡಿ ಕಳೆದುಕೊಂಡು, ಎದುರಾಳಿಗಿಂತ ಹೆಚ್ಚು ನಷ್ಟವಾದವನು ಸೋತಂತೆ. ಆಟ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ, ಹಾಗಾಗಿ ಒಂದೇ ಸಂಜೆ ಎರಡು ಆಡಬಹುದು.

ಇದರಲ್ಲಿ ಕ್ರಿ.ಪೂ. 500ರಿಂದ ಕ್ರಿ.ಶ. 545ರವರೆಗಿನ ಪ್ರಾಚೀನ ಭಾರತದ ಪಡೆಯೂ ಇದೆ. ಆನೆ, ರಥ, ಕುದುರೆ, ಬಿಲ್ಲು. ನಮ್ಮವರು ಮೊದಲು ಕೈಹಾಕುವುದು ಇದಕ್ಕೇ, ಅದು ಸಹಜ. ಉಳ್ಳಾಲದ ರಾಣಿ ಅಬ್ಬಕ್ಕನ ಪಡೆ ಕಟ್ಟಬೇಕೆಂದು ಆಸೆಪಡುವವರೂ ಇದ್ದಾರೆ. ಬೋಳಾರದಿಂದ ನೇತ್ರಾವತಿ ದಾಟಿದರೆ ಉಳ್ಳಾಲವಲ್ಲವೇ! ಆದರೆ ಡಿಬಿಎಯ ವ್ಯಾಪ್ತಿ ಕ್ರಿ.ಶ. 1500ಕ್ಕೆ ನಿಲ್ಲುತ್ತದೆ. ಅಬ್ಬಕ್ಕ ಎದುರಿಸಿದ ಪೋರ್ಚುಗೀಸರ ತುಪಾಕಿಗೆ ಬೇರೆ ಪುಸ್ತಕ ಹುಡುಕಬೇಕು.

ಗೊಂಬೆ ಕೊಳ್ಳುವ ಮೊದಲು ರಟ್ಟಿನಿಂದ ಆಡಿ. 40 ಮಿ.ಮೀ. ಅಗಲದ ಹನ್ನೆರಡು ತುಂಡು ಕತ್ತರಿಸಿ, ‘ಆನೆ’, ‘ಬಿಲ್ಲು’, ‘ಕುದುರೆ’ ಎಂದು ಬರೆದರೆ ಆಯಿತು. ಎರಡು ಆಟ ಆಡಿದ ಮೇಲೆ ಯಾವ ಪಡೆ ನಿಮ್ಮ ಮನಸ್ಸಿಗೆ ಹೊಂದುತ್ತದೆಂದು ತಿಳಿಯುತ್ತದೆ, ಆಗ ದುಡ್ಡು ಹಾಕಿ. ಈ ಹಂತವನ್ನು ದಾಟಿ ಓಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪೆಟ್ಟಿಗೆಯಲ್ಲೇ ಉಳಿದ ಸೈನ್ಯದಷ್ಟು ನಷ್ಟ ಈ ಹವ್ಯಾಸದಲ್ಲಿ ಬೇರೆ ಇಲ್ಲ.

ಬಣ್ಣದ ಬಗ್ಗೆ ಎರಡೇ ಮಾತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಸ್ಪ್ರೇ ಡಬ್ಬಿ ಬೇಡ, ಗಾಳಿಯ ತೇವಕ್ಕೆ ವಾರ್ನಿಷ್ ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ. ಪ್ರೈಮರನ್ನೂ ವಾರ್ನಿಷನ್ನೂ ಬ್ರಷ್‌ನಿಂದಲೇ ಹಚ್ಚಿ. ಬೇಸ್‌ಗೆ ಅಂಟು ಸವರಿ, ಜರಡಿ ಹಿಡಿದ ಮುರಕಲ್ಲಿನ ಪುಡಿ ಉದುರಿಸಿದರೆ ಅಂಗಡಿಯ ಯಾವ ಪುಡಿಯೂ ಕೊಡದ ಕೆಂಪು ಬರುತ್ತದೆ. ಪಾಳುಗೋಡೆಗೆ ಒಡೆದ ಹಂಚಿನ ಚೂರು ಇಡಿ. ಬೋಳಾರದ ಪಕ್ಕದ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚು ಸುಡಲು ತೊಡಗಿದ್ದು 1865ರಲ್ಲಿ, ನೇತ್ರಾವತಿಯ ಜೇಡಿಯಿಂದ. ಅದೇ ಮಣ್ಣು ನಿಮ್ಮ ಮೇಜಿನ ಮೇಲೆ ಕೋಟೆಯ ಅವಶೇಷವಾಗಿ ನಿಲ್ಲುವುದು ಚೆಂದ. ಎದುರಾಳಿಯ ದಂಡಿನ ಬಣ್ಣವನ್ನೂ ಆಟದ ಮೊದಲು ಬಗ್ಗಿ ನೋಡಿ. ಅದಕ್ಕೆ ಅವನು ಸುರಿದ ರಾತ್ರಿಗಳಿಗೆ ಅಷ್ಟು ಮರ್ಯಾದೆ ಸಲ್ಲಬೇಕು.

ಇನ್ನು ಆಟ. ರಸಿಕನ ಕಣ್ಣು ಮೊದಲು ನಿಲ್ಲಬೇಕಾದದ್ದು ಸೈನ್ಯ ನಿಲ್ಲಿಸುವ ಹೊತ್ತಿನಲ್ಲಿ. ಹೆಚ್ಚಿನವರು ಆಗ ಚಹಾ ಕುಡಿಯಲು ಏಳುತ್ತಾರೆ, ಏಳಬೇಡಿ. ಆಟಗಾರ ತನ್ನ ದಂಡಿನ ಬಗ್ಗೆ ಏನು ನಂಬಿದ್ದಾನೆ ಎಂಬುದು ಅಲ್ಲೇ ಬಯಲಾಗುತ್ತದೆ. ಆನೆಗಳನ್ನು ನಡುವೆ ಇಟ್ಟನೇ, ಒಂದೇ ಬದಿಗೆ ಸೇರಿಸಿದನೇ? ಬಿಲ್ಲುಗಾರರನ್ನು ಎದುರಾಳಿಯ ಕುದುರೆಯ ಮುಂದೆ ಬಿಟ್ಟನೇ? ಕುದುರೆ ಮೈಮೇಲೆ ಬಿದ್ದಾಗ ಸೋತ ಬಿಲ್ಲುಗಾರರ ತುಕಡಿ ಹಿಂದೆ ಸರಿಯುವುದಿಲ್ಲ, ಅಲ್ಲೇ ನಾಶ. ಆನೆ ಅಶ್ವಾರೋಹಿ ವೀರರನ್ನು ತುಳಿದುಹಾಕುತ್ತದೆ, ಆದರೆ ಹಗುರ ಆಯುಧದ ಚದುರಿದ ಕಾಲಾಳುಗಳ ಕೈಯಲ್ಲಿ ಸೋತರೆ ತಾನೇ ಇಲ್ಲವಾಗುತ್ತದೆ. ದೊಡ್ಡದು ಚಿಕ್ಕದಕ್ಕೆ ಹೆದರುವ ಈ ಸಂಬಂಧ ತಿಳಿದಿದ್ದರೆ, ಒಂದು ಹೆಜ್ಜೆ ನಡೆಯುವ ಮೊದಲೇ ಮೇಜಿನ ಮೇಲೆ ಎಲ್ಲಿ ಬಿಗಿ ಇದೆ, ಎಲ್ಲಿ ಬಿರುಕು ಇದೆ ಎಂದು ಓದಬಹುದು.

ಎರಡನೆಯದು ದಾಳ, ಇಡೀ ಆಟದ ಜೀವ ಇದು. ಡಿಬಿಎಯಲ್ಲಿ ಪ್ರತಿ ಸರದಿಯಲ್ಲಿ ಒಂದು ದಾಳ ಹಾಕಬೇಕು. ಬಿದ್ದ ಚುಕ್ಕಿಗಳಷ್ಟೇ ಆಜ್ಞೆ. ಆರು ಬಿದ್ದರೆ ಆರು ಗುಂಪು ನಡೆಯಬಹುದು, ಒಂದು ಬಿದ್ದರೆ ಒಂದೇ. ನಾವು ಆಡುವ ಹಳೆಯ ಆವೃತ್ತಿಯಲ್ಲಿ ಆನೆ ನಡೆಸಲು ಒಂದು ಚುಕ್ಕಿ ಹೆಚ್ಚು ಕೊಡಬೇಕು. ಅಂದರೆ ಆರರಲ್ಲಿ ಒಂದು ಸಲ, ಒಂದು ಬಿದ್ದಾಗ, ಆನೆ ಮಿಸುಕುವುದೇ ಇಲ್ಲ. ಸಾಲಾಗಿ ಒಟ್ಟಿಗೆ ನಡೆಯುವ ಗುಂಪಿಗೆ ಒಂದೇ ಆಜ್ಞೆ ಸಾಕು, ಚದುರಿದ ಮೇಲೆ ಒಂದೊಂದಕ್ಕೂ ಒಂದೊಂದು. ಹೊಸ ಆನೆ ಪಡೆ ಇಳಿಸಿದವನು ಮೊದಲ ಸರದಿಗಳಲ್ಲಿ ಸಾಲು ಒಡೆಯದೆ ನಡೆಯುವುದನ್ನೂ, ಹೊಡೆದಾಟ ಶುರುವಾದ ಮೇಲೆ ಚುಕ್ಕಿ ಸಾಲದೆ ಪರದಾಡುವುದನ್ನೂ ಗಮನಿಸಿ. ಈ ದಂಡಿನ ಸ್ವಭಾವ ಅದು: ಮೊದಲ ಹೊಡೆತ ಭಾರಿ, ಎರಡನೆಯ ಯೋಚನೆಗೆ ಜಾಗವಿಲ್ಲ. ಎದುರಿಗಿರುವವನು ಬುದ್ಧಿವಂತನಾದರೆ ಮೊದಲ ಹೊಡೆತಕ್ಕೆ ಸಿಗದೆ ಬದಿಗೆ ಸರಿದು ಕಾಯುತ್ತಾನೆ. ಆಗ ಪಕ್ಕದಲ್ಲಿ ನಿಂತ ಗೆಳೆಯ, “ಎಂತ ಮಾರಾಯ, ಆನೆ ಬಿಟ್ಟು ಕುದುರೆ ನಡೆಸು!” ಎನ್ನುತ್ತಾನೆ. ನೋಡುವವರು ಬಾಯಿ ಹಾಕುವುದು ತಪ್ಪೆಂದು ಕೆಲವರ ಅಭಿಪ್ರಾಯ. ಮೊದಲ ಆಟದ ಮಟ್ಟಿಗೆ ನಾನು ಒಪ್ಪುವುದಿಲ್ಲ. ದಂಡು ಹೊಸದಿರುವಾಗ ಅದರ ಗುಟ್ಟು ಎಲ್ಲರೂ ಸೇರಿಯೇ ಹುಡುಕಬೇಕು.

ಎದುರಾಳಿಯಾಗಿ ಕೂರುವ ಗೆಳೆಯನ ಪಾತ್ರ ಇದರಲ್ಲಿ ದೊಡ್ಡದು. ಹೊಸ ದಂಡಿಗೆ ಎದುರಾಗಿ ತನ್ನ ಅತಿ ಪಳಗಿದ ಸೈನ್ಯವನ್ನು ತರುವವನು ಗೆಲ್ಲಬಹುದು, ಆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಿಧಾನವಾಗಿ, ಬಾಯಿಬಿಟ್ಟು ಆಡುವವನು ಬೇಕು. “ನನ್ನ ಬಿಲ್ಲುಗಾರರು ನಿನ್ನ ಆನೆಯ ಎಟುಕಿನ ಹೊರಗೆ ನಿಲ್ಲಬೇಕು ಅಂತ ಇಡುತ್ತಿದ್ದೇನೆ, ಸರಿಯಾ?” ಎಂದು ಉದ್ದೇಶ ಹೇಳಿ ಇಡುವವನು. ಆಮೇಲೆ ಕೂದಲೆಳೆಯ ಅಳತೆಗೆ ಜಗಳ ಬರುವುದಿಲ್ಲ. ನಡೆ ಹಿಂದಕ್ಕೆ ತೆಗೆದುಕೊಳ್ಳಲು ಮೊದಲ ಆಟದಲ್ಲಿ ಬಿಡಿ. ದಾಳ ಬಿದ್ದ ಮೇಲೆ ಮಾತ್ರ ಬೇಡ.

ಇನ್ನೊಂದು ಪದ್ಧತಿಯನ್ನು ಒತ್ತಿ ಹೇಳುತ್ತೇನೆ. ಮೊದಲ ಆಟ ಮುಗಿದ ಕೂಡಲೇ ಸೈನ್ಯ ಅದಲುಬದಲು ಮಾಡಿಕೊಂಡು ಇನ್ನೊಂದು ಆಡಿ. ನಿಮ್ಮ ದಂಡನ್ನು ಗೆಳೆಯ ನಡೆಸುವುದನ್ನು ಎದುರಿನಿಂದ ನೋಡಿದಾಗ, ಅದು ಶತ್ರುವಿಗೆ ಹೇಗೆ ಕಾಣುತ್ತದೆಂದು ತಿಳಿಯುತ್ತದೆ. ನೀವು ಹಿಂದೆ ಬಚ್ಚಿಟ್ಟ ರಥವನ್ನು ಅವನು ಬದಿಯಿಂದ ನುಗ್ಗಿಸಿಬಿಡಬಹುದು. ಎಷ್ಟೇ ಓದಿದರೂ ಸಿಗದ ಪಾಠ ಇದು.

ಆಟ ಎಣಿಸದೆ ಬಿಡುವುದನ್ನೂ ರಸಿಕ ಅರಿತಿರಬೇಕು. ಇದೇ ಮಂಗಳೂರಿನ ಕೋಟೆಯನ್ನು ಟಿಪ್ಪು 1783ರ ಮೇ ತಿಂಗಳಲ್ಲಿ ಮುತ್ತಿದಾಗ ಒಳಗಿದ್ದದ್ದು ಕರ್ನಲ್ ಕ್ಯಾಂಪ್‌ಬೆಲ್‌ನ ಕಂಪನಿ ಪಡೆ. ತಿಂಗಳುಗಟ್ಟಲೆ ಫಿರಂಗಿ ಹೊಡೆದರೂ ಬೀಳದ ಕೋಟೆ, ಹಸಿವು ಮತ್ತು ರೋಗದಿಂದ 1784ರ ಜನವರಿ 30ರಂದು ಶರಣಾಯಿತು. ಮಂಗಳೂರು ಒಪ್ಪಂದ ಮಾರ್ಚ್ 11ಕ್ಕೆ. ಅಕ್ಕಿ ಮುಗಿದ ಸೈನ್ಯವನ್ನು ಡಿಬಿಎಯ ಹನ್ನೆರಡು ತುಕಡಿ ತೋರಿಸಲಾರವು. ಬಯಲಿನಲ್ಲಿ ಎರಡು ಪಡೆ ಎದುರುಬದುರಾದ ಕೆಲವು ಗಂಟೆಗಳನ್ನು ಮಾತ್ರ ಅವು ತೋರಿಸುತ್ತವೆ, ಅದನ್ನು ಬಹಳ ಚೆನ್ನಾಗಿ ತೋರಿಸುತ್ತವೆ.

ಸೋತ ಹೊಸ ದಂಡನ್ನು ಮರುದಿನವೇ ಬದಲಿಸಬೇಡಿ. ಮೂರು ಆಟದವರೆಗೆ ಅವೇ ಹನ್ನೆರಡು ತುಕಡಿ ಇರಲಿ, ಎದುರಾಳಿಗಳು ಬೇರೆಬೇರೆ ಇರಲಿ. ತೆಗೆಯುವುದು, ಸೇರಿಸುವುದು ಏನಿದ್ದರೂ ನಾಲ್ಕನೆಯ ಆಟಕ್ಕೆ.