ಹಿಮ್ಮೇಳದ ಅನಾಮಿಕತೆ: ಬಾರ್ನಿ ಕೆಸೆಲ್ ಅವರ ಗಿಟಾರ್ ವಾದನ

ಜಾನಪದ ಅಧ್ಯಯನವು ಅನಾಮಿಕತೆಯನ್ನು ಕೊರತೆಯೆಂದು ಪರಿಗಣಿಸುವುದಿಲ್ಲ. ಹಾಡು ಕಟ್ಟಿದವರ ಹೆಸರು ಅಳಿದು, ಹಾಡು ಸಮುದಾಯದ ಸೊತ್ತಾಗುವುದು ಮೌಖಿಕ ಪರಂಪರೆಯ ಸಹಜ ಕ್ರಮ. ಇಪ್ಪತ್ತನೆಯ ಶತಮಾನದ ಧ್ವನಿಮುದ್ರಣ ಉದ್ಯಮವು ಇನ್ನೊಂದು ಬಗೆಯ ಅನಾಮಿಕತೆಯನ್ನು ಸೃಷ್ಟಿಸಿತು. ಅಲ್ಲಿಯೂ ವಾದಕನ ಹೆಸರು ಮರೆಯಾಯಿತು. ಆದರೆ ಸೊತ್ತು ಸಮುದಾಯದ್ದಾಗಲಿಲ್ಲ, ಕಂಪನಿಯದಾಯಿತು. ಈ ವ್ಯತ್ಯಾಸಕ್ಕೆ ಅಮೆರಿಕದ ಜಾಝ್ ಗಿಟಾರ್ ವಾದಕ ಬಾರ್ನಿ ಕೆಸೆಲ್ (1923–2004) ಅವರ ವೃತ್ತಿಜೀವನ ಸೂಕ್ತ ನಿದರ್ಶನವಾಗಿದೆ.

ಒಕ್ಲಹೋಮಾ ರಾಜ್ಯದ ಮಸ್ಕೋಗಿಯಲ್ಲಿ ಜನಿಸಿದ ಕೆಸೆಲ್, ಅದೇ ರಾಜ್ಯದಲ್ಲಿ ಬೆಳೆದ ಚಾರ್ಲಿ ಕ್ರಿಶ್ಚಿಯನ್ ಅವರ ಪ್ರಭಾವದಲ್ಲಿ ರೂಪುಗೊಂಡವರು. 1944ರ ‘ಜ್ಯಾಮಿನ್ ದ ಬ್ಲೂಸ್’ ಕಿರುಚಿತ್ರದ ಆಫ್ರಿಕನ್-ಅಮೆರಿಕನ್ ಕಲಾವಿದರ ನಡುವೆ ಅವರೊಬ್ಬರೇ ಬಿಳಿಯ ವಾದಕ. ವರ್ಣಭೇದದ ಆ ಕಾಲದಲ್ಲಿ ಅವರನ್ನು ನೆರಳಿನಲ್ಲಿರಿಸಿ ಚಿತ್ರೀಕರಿಸಲಾಯಿತು. ದೇಹ ಮರೆಯಾದರೂ ನಾದ ಮಾತ್ರ ಕೇಳಿಸಿತು. ಮುಂದೆ 1947ರಲ್ಲಿ ಚಾರ್ಲಿ ಪಾರ್ಕರ್ ಅವರ ಧ್ವನಿಮುದ್ರಣದಲ್ಲಿ, 1952–53ರಲ್ಲಿ ಆಸ್ಕರ್ ಪೀಟರ್ಸನ್ ಅವರ ತ್ರಯದಲ್ಲಿ ನುಡಿಸಿ ಅವರು ಅಗ್ರಗಣ್ಯರೆನಿಸಿದರು.

ಕೆಸೆಲ್ ಅವರ ಪ್ರತಿಭೆಯ ಸ್ವರೂಪ 1955ರಲ್ಲಿ ಜೂಲಿ ಲಂಡನ್ ಹಾಡಿದ ‘ಕ್ರೈ ಮಿ ಎ ರಿವರ್’ ಗೀತೆಯಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿ ವಾದ್ಯವೃಂದವಿಲ್ಲ, ಒಂದು ಗಿಟಾರ್, ಒಂದು ಬಾಸ್ ಅಷ್ಟೆ. ಗಾಯಕಿ ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ಸ್ವರಮೇಳಗಳು ಮುಂದೆ ಬರುತ್ತವೆ, ದನಿ ಮರಳಿದೊಡನೆ ಹಿಂದೆ ಸರಿಯುತ್ತವೆ. ಎಲ್ಲಿ ನುಡಿಸಬಾರದು ಎಂಬ ವಿವೇಕವೇ ಇಲ್ಲಿನ ಕಲೆ.

1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಈ ವಿವೇಕ ಬೇರೆಯದೇ ಪರೀಕ್ಷೆಗೆ ಒಳಗಾಯಿತು. ನಿರ್ಮಾಪಕ ಫಿಲ್ ಸ್ಪೆಕ್ಟರ್ ಹಲವು ಗಿಟಾರ್‌ಗಳಿಂದ ಒಂದೇ ಸ್ವರಮೇಳವನ್ನು ಏಕಕಾಲಕ್ಕೆ ನುಡಿಸಿ, ಪ್ರತಿಧ್ವನಿ ಕೋಣೆಯ ಮೂಲಕ ಹಾಯಿಸಿ ಒಂದೇ ನಾದರಾಶಿಯಾಗಿಸುತ್ತಿದ್ದರು. ಆ ರಾಶಿಯಲ್ಲಿ ಕೆಸೆಲ್ ಅವರ ಬೆರಳನ್ನು ಗುರುತಿಸುವುದು ಕಷ್ಟ. ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ (1966) ಧ್ವನಿಮುದ್ರಣದಲ್ಲೂ ಅವರು ನುಡಿಸಿದರು. ಅದರ ಮೂಲ ಹೊದಿಕೆಯಲ್ಲಿ ಸ್ಟುಡಿಯೋ ವಾದಕರ ಹೆಸರುಗಳಿರಲಿಲ್ಲ. ವಾದಕರಿಗೆ ದೊರೆಯುತ್ತಿದ್ದುದು ಅವಧಿಯ ಲೆಕ್ಕದ ಸಂಭಾವನೆ. ಇಂದು ಅವರ ಪಾತ್ರವನ್ನು ಖಚಿತಪಡಿಸುವ ಮುಖ್ಯ ಆಧಾರಗಳಲ್ಲಿ ಸಂಗೀತಗಾರರ ಸಂಘದ ಒಪ್ಪಂದಪತ್ರಗಳೂ ಸೇರಿವೆ. ಹೊದಿಕೆ ಮರೆಮಾಚಿದ್ದನ್ನು ಕೂಲಿಯ ಕಾಗದ ಉಳಿಸಿಕೊಂಡಿತೆಂಬುದು ಗಮನಾರ್ಹ.

ಈ ದಶಕವನ್ನು ಜಾಝ್ ಕಲಾವಿದನ ಪತನವೆಂದು ಭಾವಿಸುವುದು ಅವಸರದ ತೀರ್ಮಾನವಾದೀತು. ಅನ್ಯರ ಹಾಡಿಗೆ ತನ್ನನ್ನು ಒಪ್ಪಿಸಿಕೊಳ್ಳುವ ಗುಣ 1955ರಲ್ಲಿಯೇ ಅವರ ಕಲೆಯ ತಿರುಳಾಗಿತ್ತು. ಅಂದು ಹಿಂದೆ ಸರಿದವರು ಕಲಾವಿದರೇ. ಮುಂದೆ ಅವರನ್ನು ಹಿಂದಕ್ಕೆ ಸರಿಸಿದ್ದು ವ್ಯವಸ್ಥೆ. ವಿಮರ್ಶೆ ಇವೆರಡನ್ನು ಬೇರ್ಪಡಿಸಿ ನೋಡಬೇಕು. 1970ರ ದಶಕದಲ್ಲಿ ಚಾರ್ಲಿ ಬರ್ಡ್, ಹರ್ಬ್ ಎಲ್ಲಿಸ್ ಅವರೊಂದಿಗೆ ‘ಗ್ರೇಟ್ ಗಿಟಾರ್ಸ್’ ತಂಡದಲ್ಲಿ ಕೆಸೆಲ್ ಮತ್ತೆ ತಮ್ಮ ಹೆಸರಿನಲ್ಲಿಯೇ ವೇದಿಕೆಯೇರಿದರು. 1992ರ ಪಾರ್ಶ್ವವಾಯು ಅವರ ವಾದನವನ್ನು ನಿಲ್ಲಿಸಿತು.

ಜನಪದ ಗಾಯಕರ ಹೆಸರನ್ನು ಕಾಲ ಅಳಿಸಿತು. ಅದನ್ನು ಮರಳಿ ಪಡೆಯುವ ದಾರಿಯಿಲ್ಲ. ಸ್ಟುಡಿಯೋ ವಾದಕರ ಹೆಸರು ದಾಖಲೆಯಲ್ಲಿದ್ದೂ ಕಾಣದಂತಿತ್ತು. ಅದನ್ನು ಹುಡುಕಿ ಹೇಳುವುದು ಸಂಗೀತ ಚರಿತ್ರೆ ತೀರಿಸಬೇಕಾದ ಋಣ.