ಸ್ಟೇಕ್‌ಹೋಲ್ಡರ್: ಹೆಸರಿನ ಹರವು, ಹಕ್ಕಿನ ಅಳತೆ

ಸ್ಟೇಕ್‌ಹೋಲ್ಡರ್ ಎಂದರೆ ಮೂಲದಲ್ಲಿ ಪಣದ ಹಣ ಹಿಡಿದಿಟ್ಟುಕೊಳ್ಳುವವನು. ಬಾಜಿ ಕಟ್ಟಿದ ಇಬ್ಬರಿಂದಲೂ ದುಡ್ಡು ಪಡೆದು, ಗೆದ್ದವನಿಗೆ ಒಪ್ಪಿಸಬೇಕಾದ ಮೂರನೆಯವನು. ಯಾರು ಗೆದ್ದರೂ ಅವನಿಗೆ ಲಾಭವಿಲ್ಲ. ಇಂಗ್ಲೆಂಡಿನಲ್ಲಿ ಮನೆ ಮಾರಾಟದ ಮುಂಗಡವನ್ನು ವಕೀಲರು ಇಟ್ಟುಕೊಳ್ಳುವ ಸಂದರ್ಭದಲ್ಲಿ ಈ ಅರ್ಥ ಇಂದಿಗೂ ಬಳಕೆಯಲ್ಲಿದೆ. ವ್ಯವಹಾರ ನಿರ್ವಹಣೆಯ ಶಾಸ್ತ್ರ ಈ ಅರ್ಥವನ್ನು ತಲೆಕೆಳಗು ಮಾಡಿತು: ಕಂಪನಿಯ ಆಗುಹೋಗುಗಳಲ್ಲಿ ಲಾಭನಷ್ಟ ಇರುವವರೆಲ್ಲ ಈಗ ಸ್ಟೇಕ್‌ಹೋಲ್ಡರ್‌ಗಳು. ಹೊಸ ಅರ್ಥದ ಮೊದಲ ಬಳಕೆಯನ್ನು ಸಾಮಾನ್ಯವಾಗಿ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ 1963ರ ಒಂದು ಟಿಪ್ಪಣಿಯಲ್ಲಿ ಗುರುತಿಸುತ್ತಾರೆ. ಖ್ಯಾತಿ ತಂದುಕೊಟ್ಟದ್ದು 1984ರಲ್ಲಿ ಬಂದ ಎಡ್ವರ್ಡ್ ಫ್ರೀಮನ್ನರ ಪುಸ್ತಕ.

ಫ್ರೀಮನ್ನರ ವ್ಯಾಖ್ಯೆ ಸಂಸ್ಥೆಯ ಗುರಿಸಾಧನೆಯ ಮೇಲೆ ಪ್ರಭಾವ ಬೀರಬಲ್ಲವರನ್ನೂ ಅದರ ಪ್ರಭಾವಕ್ಕೆ ಒಳಗಾಗುವವರನ್ನೂ ಒಟ್ಟಿಗೆ ಸೇರಿಸಿಕೊಳ್ಳುತ್ತದೆ. ಕಾರ್ಮಿಕ, ಗಿರಾಕಿ, ಸಾಲ ಕೊಟ್ಟ ಬ್ಯಾಂಕು ಸರಿ. ಎದುರಾಳಿ ಕಂಪನಿಯೂ ಒಳಗೆ ಬರುತ್ತದೆ. ಹತ್ತು ಸಮಸ್ತರನ್ನೂ ಕರೆದ ಮೇಲೆ ಯಾರ ಮಾತು ನಡೆಯಬೇಕು ಎಂಬುದಕ್ಕೆ ವ್ಯಾಖ್ಯೆಯಲ್ಲಿ ಉತ್ತರವಿಲ್ಲ. 1997ರಲ್ಲಿ ಮಿಚೆಲ್, ಆಗಲ್, ವುಡ್ ಎಂಬ ಮೂವರು ವಿದ್ವಾಂಸರು ಈ ಕೊರತೆ ನೀಗಿಸಲು ಅಧಿಕಾರ, ನ್ಯಾಯಬದ್ಧತೆ, ತುರ್ತು ಎಂಬ ಮೂರು ಅಳತೆಗೋಲು ಕೊಟ್ಟರು. ವಿದ್ವತ್‌ವಲಯ ಅದನ್ನು ಪರಿಹಾರವೆಂದೇ ಎತ್ತಿಹಿಡಿಯಿತು. ಆದರೆ ಆ ಅಳತೆಗೋಲು ತಿಳಿಸುವುದು ಮ್ಯಾನೇಜರನ ಕಣ್ಣಿಗೆ ಯಾರು ಬೀಳುತ್ತಾರೆ ಎಂಬುದನ್ನಷ್ಟೇ. ನ್ಯಾಯವಿದ್ದೂ ಅಧಿಕಾರವಿಲ್ಲದವನು ಅದರಲ್ಲಿ ಹಿಂದೆಯೇ ಉಳಿಯುತ್ತಾನೆ.

2019ರ ಆಗಸ್ಟ್‌ನಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಮುಖ್ಯಸ್ಥರ ಸಂಘವಾದ ಬಿಸಿನೆಸ್ ರೌಂಡ್‌ಟೇಬಲ್‌ನ ಹೇಳಿಕೆಗೆ 181 ಮುಖ್ಯಸ್ಥರು ಸಹಿ ಹಾಕಿ, ಎಲ್ಲ ಸ್ಟೇಕ್‌ಹೋಲ್ಡರ್‌ಗಳಿಗೂ ಬದ್ಧರೆಂದು ಸಾರಿದರು. ಕಂಪನಿಯ ಹೊಣೆ ಲಾಭ ಗಳಿಸುವುದಷ್ಟೇ ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1970ರಲ್ಲಿ ಮಂಡಿಸಿದ ವಾದಕ್ಕೆ ಇದೇ ಚರಮಗೀತೆ ಎಂದು ಹಲವರು ಸಂಭ್ರಮಿಸಿದರು. ಆ ಸಂಭ್ರಮ ಅವಸರದ್ದು. ಕಾನೂನು ವಿದ್ವಾಂಸರಾದ ಲೂಸಿಯನ್ ಬೆಬ್‌ಚುಕ್ ಮತ್ತು ರೊಬೆರ್ಟೊ ಟಲ್ಲರಿಟಾ, ಸಹಿ ಹಾಕಿದ ಕಂಪನಿಗಳನ್ನೇ ವಿಚಾರಿಸಿದಾಗ, ಉತ್ತರಿಸಿದ 48ರಲ್ಲಿ ನಿರ್ದೇಶಕ ಮಂಡಳಿಯ ಒಪ್ಪಿಗೆ ಪಡೆದದ್ದು ಒಂದೇ ಒಂದು. ಧೋರಣೆ ನಿಜಕ್ಕೂ ಬದಲಾಗುವುದಿದ್ದರೆ ಮಂಡಳಿಯ ಮುಂದೆ ಇಡದೆ ಇರುತ್ತಿರಲಿಲ್ಲ.

ಪದದ ನಿಜವಾದ ತೂಕ ತಿಳಿಯುವುದು ಭಾರತದ ಕಂಪನಿ ಕಾಯ್ದೆ, 2013ರಲ್ಲಿ. ಸಾವಿರಕ್ಕಿಂತ ಹೆಚ್ಚು ಷೇರುದಾರರು, ಡಿಬೆಂಚರುದಾರರು, ಠೇವಣಿದಾರರು ಮತ್ತಿತರ ಭದ್ರತಾಪತ್ರದಾರರು ಇರುವ ಕಂಪನಿ ಸ್ಟೇಕ್‌ಹೋಲ್ಡರ್ಸ್ ರಿಲೇಶನ್‌ಶಿಪ್ ಸಮಿತಿ ರಚಿಸಬೇಕೆಂದು 178ನೇ ಸೆಕ್ಷನ್ ಹೇಳುತ್ತದೆ. ಹೆಸರು ಕೇಳಿದವರು ಕಾರ್ಮಿಕರೂ ಊರವರೂ ಬಂದು ಅಹವಾಲು ಹೇಳಿಕೊಳ್ಳುವ ಜಾಗ ಎಂದುಕೊಳ್ಳಬೇಕು. ಮುಂದಿನ ಉಪಸೆಕ್ಷನ್ ಆ ಭ್ರಮೆ ಕಳೆಯುತ್ತದೆ: ಸಮಿತಿ ಪರಿಹರಿಸಬೇಕಾದದ್ದು ಭದ್ರತಾಪತ್ರದಾರರ ದೂರುಗಳನ್ನು. ಷೇರು ವರ್ಗಾವಣೆ ಆಗಲಿಲ್ಲ, ವಾರ್ಷಿಕ ವರದಿ ತಲುಪಲಿಲ್ಲ, ಘೋಷಿಸಿದ ಡಿವಿಡೆಂಡ್ ಬರಲಿಲ್ಲ, ಇಂಥವು. ಪಟ್ಟಿಯಾದ ಕಂಪನಿಗಳಲ್ಲಿ ಇದೇ ಕೆಲಸದ ಸಮಿತಿಗೆ ಹಿಂದೆ ಷೇರುದಾರರ ಕುಂದುಕೊರತೆ ಸಮಿತಿ ಎಂಬ ಪ್ರಾಮಾಣಿಕ ಹೆಸರಿತ್ತು. ಫಲಕ ಬದಲಾಯಿತು, ಕಡತ ಅದೇ.

ನ್ಯಾಯವಾಗಿ ಹೇಳುವುದಾದರೆ, ಅದೇ ಕಾಯ್ದೆಯ 166ನೇ ಸೆಕ್ಷನ್ ನಿರ್ದೇಶಕರ ಕರ್ತವ್ಯದಲ್ಲಿ ನೌಕರರು, ಸಮುದಾಯ, ಪರಿಸರ ಮೂರನ್ನೂ ಹೆಸರಿಸಿ ಹೇಳುತ್ತದೆ. ಆದರೆ 245ನೇ ಸೆಕ್ಷನ್ನಿನ ಸಾಮೂಹಿಕ ದಾವೆ ಹೂಡುವ ಹಕ್ಕು ಸದಸ್ಯರಿಗೂ ಠೇವಣಿದಾರರಿಗೂ ಮಾತ್ರ.

2016ರ ದಿವಾಳಿ ಸಂಹಿತೆಯ ಪೀಠಿಕೆಯೂ ಎಲ್ಲ ಸ್ಟೇಕ್‌ಹೋಲ್ಡರ್‌ಗಳ ಹಿತದ ಸಮತೋಲನ ಎನ್ನುತ್ತದೆ; ಅದೇ ವಾಕ್ಯದಲ್ಲಿ ಸರ್ಕಾರಿ ಬಾಕಿಯ ಸರದಿ ಬದಲಿಸುವುದನ್ನೂ ಸೇರಿಸುತ್ತದೆ. ಈ ಸಂಹಿತೆ ಮೇಲಿನ ಎಲ್ಲಕ್ಕಿಂತ ನೇರ. ಕಂಪನಿಯ ಆಸ್ತಿ ಮಾರಿ ಬಂದ ಹಣ ಯಾರಿಗೆ ಮೊದಲು ಎಂಬುದನ್ನು ಅದರ 53ನೇ ಸೆಕ್ಷನ್ ಸರದಿಯಲ್ಲೇ ಬರೆದಿದೆ: ಪ್ರಕ್ರಿಯೆಯ ಖರ್ಚು, ಬಳಿಕ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನದ ಹಕ್ಕು ಬಿಟ್ಟುಕೊಟ್ಟ ಸಾಲದಾತರು ಸರಿಸಮವಾಗಿ, ಆಮೇಲೆ ಇತರ ನೌಕರರ 12 ತಿಂಗಳ ಸಂಬಳ, ಅಡಮಾನವಿಲ್ಲದ ಹಣಕಾಸು ಸಾಲ, ಅದರ ಕೆಳಗೆ ಸರ್ಕಾರ. ಕಚ್ಚಾಸಾಮಗ್ರಿ ಕೊಟ್ಟು ಬಿಲ್ಲಿನ ಹಣಕ್ಕೆ ಕಾದಿರುವ ವರ್ತಕ ಸರ್ಕಾರದ ಹಿಂದೆ ನಿಲ್ಲುತ್ತಾನೆ. ಸಾಮಾನ್ಯ ಷೇರುದಾರರು ಕಟ್ಟಕಡೆಗೆ.