ಫೈನಲ್ ಫ್ಯಾಂಟಸಿ ೬ರ ಚಿತ್ರಪಾಠಗಳು

ವಿಡಿಯೋ ಆಟಗಳ ಚಿತ್ರಗುಣವನ್ನು ಕುರಿತು ನಡೆಯುವ ವಾದಗಳಲ್ಲಿ ಬಹುಮಟ್ಟಿನವು ಎಣಿಕೆಯಲ್ಲಿಯೇ ಮುಗಿಯುತ್ತವೆ. ಯಾವ ಯಂತ್ರದ ತೆರೆಯ ಮೇಲೆ ಪಿಕ್ಸೆಲ್ಲುಗಳೆಂಬ ಚಿತ್ರಬಿಂದುಗಳು ಹೆಚ್ಚಾಗಿ ಮೂಡುವುವೋ, ಯಾವುದರಲ್ಲಿ ವರ್ಣಗಳು ಅಧಿಕವೋ, ಅದೇ ಉತ್ತಮವೆಂದು ತೀರ್ಮಾನವಾಗುವುದು. ಈ ಮಾನದಂಡವು ಸರ್ವಥಾ ಅಪ್ರಯೋಜಕವೆಂದು ಹೇಳಲಾಗದು. ಆದರೆ ಒಂದೇ ಕೃತಿಯು ಅನೇಕ ಯಂತ್ರಗಳಲ್ಲಿ ಅವತರಿಸಿರುವಾಗ ಅವುಗಳ ತಾರತಮ್ಯವನ್ನು ನಿರ್ಣಯಿಸಲು ಅದು ಸಾಲದು. ಹಲವು ಓಲೆಪ್ರತಿಗಳಲ್ಲಿ ದೊರೆಯುವ ಕಾವ್ಯವನ್ನು ಪರಿಶೋಧಿಸುವವನು ಅಕ್ಷರ ದುಂಡಾಗಿರುವ ಪ್ರತಿಯನ್ನೇ ಶುದ್ಧಪಾಠವೆಂದು ಗ್ರಹಿಸುವುದಿಲ್ಲವಷ್ಟೆ.

ಈ ವಿಚಾರಕ್ಕೆ ರೋಲ್ ಪ್ಲೇಯಿಂಗ್ ಗೇಮ್, ಎಂದರೆ ಪಾತ್ರಧಾರಣೆಯ ಆಟ, ಎಂಬ ವರ್ಗವೇ ಅತ್ಯಂತ ಯೋಗ್ಯವಾದ ಕ್ಷೇತ್ರ. ಇದರಲ್ಲಿ ಆಡುವವನು ಕಥೆಯ ಪಾತ್ರಗಳನ್ನು ತಾನೇ ನಡೆಸುತ್ತ ಹತ್ತಾರು ಗಂಟೆಗಳ ಕಾಲ ಅವರೊಡನೆ ಬಾಳುವನಾದುದರಿಂದ, ಚಿತ್ರವು ಕೇವಲ ಅಲಂಕಾರವಾಗಿರದೆ ಕಥನದ ಅಂಗವೇ ಆಗಿರುವುದು. ಜಪಾನಿನ ಸ್ಕ್ವೇರ್ ಸಂಸ್ಥೆಯವರು ೧೯೯೪ನೆಯ ಏಪ್ರಿಲ್ ತಿಂಗಳಲ್ಲಿ ನಿಂಟೆಂಡೋ ಸಂಸ್ಥೆಯ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕಾಗಿ ಹೊರಡಿಸಿದ ಫೈನಲ್ ಫ್ಯಾಂಟಸಿ ೬ ಇದಕ್ಕೆ ಒಳ್ಳೆಯ ನಿದರ್ಶನ. ಅದೇ ವರ್ಷ ಅಮೆರಿಕದಲ್ಲಿ ಇದು ಫೈನಲ್ ಫ್ಯಾಂಟಸಿ ೩ ಎಂಬ ಹೆಸರಿನಿಂದ ಪ್ರಕಟವಾಯಿತು. ಹಿಂದಿನ ಭಾಗಗಳಲ್ಲಿ ಮೂರು ಅಲ್ಲಿಗೆ ಆಗ ಮುಟ್ಟಿರಲಿಲ್ಲ. ಒಂದೇ ಕೃತಿಗೆ ಎರಡು ಅಂಕಿತಗಳಿರುವುದರಿಂದ ಪಾಠಭೇದದ ತೊಡಕು ಹೆಸರಿನಿಂದಲೇ ಆರಂಭವಾಗುವುದು.

ಮೂಲದ ಚಿತ್ರಕಾರರಿಗೆ ದೊರೆತ ಸಾಮಗ್ರಿ ಅತ್ಯಲ್ಪ. ತೆರೆಯ ಅಗಲಕ್ಕೆ ೨೫೬, ಎತ್ತರಕ್ಕೆ ೨೨೪ ಬಿಂದುಗಳು. ೩೨,೭೬೮ ವರ್ಣಗಳ ಭಂಡಾರದಿಂದ ಒಮ್ಮೆಗೆ ಆರಿಸಿಕೊಳ್ಳಲು ಸಾಧಾರಣವಾಗಿ ೨೫೬. ಚಲಿಸುವ ಒಂದೊಂದು ಆಕೃತಿಯ ವರ್ಣಫಲಕಕ್ಕೆ ೧೫. ಯೋಷಿಟಾಕ ಅಮಾನೋ ಅವರು ಬರೆದ ಪಾತ್ರಕಲ್ಪನೆಗಳು ತೆಳುರೇಖೆಯವು, ಜಲವರ್ಣದವು, ಕನಸಿನಲ್ಲಿ ಕಂಡವುಗಳಂತೆ ಹರಿದಾಡುವಂತಹವು. ಅವನ್ನು ೧೬ ಬಿಂದುಗಳ ಅಗಲ, ೨೪ ಬಿಂದುಗಳ ಎತ್ತರವುಳ್ಳ ಆಕೃತಿಯಲ್ಲಿ ಇಳಿಸುವುದೆಂದರೆ ಅನುವಾದವಲ್ಲದೆ ನಕಲು ಆಗಲಾರದು. ಈ ಬಿಂದುಚಿತ್ರಗಳ ಕೆಲಸದಲ್ಲಿ ಪ್ರಮುಖರಾದವರು ಕಜುಕೊ ಶಿಬುಯಾ. ಹಿಂದಿನ ಭಾಗಗಳಲ್ಲಿ ಊರೂರು ತಿರುಗುವಾಗ ಚಿಕ್ಕ ಆಕೃತಿ, ಯುದ್ಧದಲ್ಲಿ ದೊಡ್ಡದು ಎಂಬ ಭೇದವಿದ್ದಿತು. ಆರನೆಯದರಲ್ಲಿ ಆ ಭೇದವನ್ನು ತೆಗೆದುಹಾಕಿ, ಎರಡೆಡೆಯೂ ದೊಡ್ಡ ಆಕೃತಿಯನ್ನೇ ಬಳಸಿದರು. ಇದರ ಫಲ ಸಾಮಾನ್ಯವಲ್ಲ. ತಲೆ ತಗ್ಗಿಸುವುದು, ಕೈಯೆತ್ತುವುದು, ಬೆರಳಾಡಿಸುವುದು, ಬೆಚ್ಚಿ ಹಿಂದೆಗೆಯುವುದು ಮುಂತಾದ ಚೇಷ್ಟೆಗಳು ಸಂಭಾಷಣೆಯ ನಡುವೆಯೂ ಸಾಧ್ಯವಾಗಿ, ಕಣ್ಣಿಗೆ ಎರಡು ಮೂರು ಬಿಂದುಗಳಷ್ಟೇ ಇರುವ ಮುಖವು ಆಂಗಿಕಾಭಿನಯದಿಂದ ಭಾವವನ್ನು ಸೂಚಿಸುವಂತಾಯಿತು. ಸೂಚನೆಯೇ ಇಲ್ಲಿಯ ಕಲೆ. ಮಿಕ್ಕುದನ್ನು ನೋಡುವವನ ಮನಸ್ಸು ತುಂಬಿಕೊಳ್ಳುವುದು.

ಇನ್ನೊಂದು ಸಂಗತಿಯನ್ನು ವಿಮರ್ಶಕರು ಪದೇ ಪದೇ ಮರೆಯುತ್ತಾರೆ. ಆ ಚಿತ್ರಗಳನ್ನು ರಚಿಸಿದುದು ಗಾಜಿನ ಕೊಳವೆಯ ಟೆಲಿವಿಷನ್ನಿಗಾಗಿ. ಅದರಲ್ಲಿ ಬಿಂದುಗಳು ಒಂದರೊಳಗೊಂದು ಸ್ವಲ್ಪ ಕರಗಿ, ಸಾಲುಗಳ ನಡುವೆ ತೆಳ್ಳನೆಯ ಕಪ್ಪು ಅಂತರ ಬಿದ್ದು, ಎರಡು ವರ್ಣಗಳ ಚದುರಂಗದ ಮನೆಯಂತಹ ಹೆಣಿಗೆಯು ಮೂರನೆಯ ಛಾಯೆಯಾಗಿ ತೋರುತ್ತಿದ್ದಿತು. ಅದೂ ಅಲ್ಲದೆ ನಾಲ್ಕಕ್ಕೆ ಮೂರರ ಪ್ರಮಾಣದ ಆ ತೆರೆಗೆ ಚಿತ್ರವು ಅಡ್ಡಲಾಗಿ ಹಿಗ್ಗುತ್ತಿದ್ದಿತು. ಇಂದಿನ ಚಪ್ಪಟೆ ತೆರೆಯಲ್ಲಿ ಅದೇ ಬಿಂದುಗಳನ್ನು ಶುದ್ಧ ಚೌಕಗಳಾಗಿ ಇಟ್ಟರೆ ಆಕೃತಿಗಳು ಬಡಕಲಾಗುವುವು, ಅಂಚುಗಳು ಗರಗಸದ ಹಲ್ಲುಗಳಾಗುವುವು. ಹಾಗೆ ಕಾಣುವುದನ್ನು ಕಂಡು ಮೂಲವನ್ನು ಒರಟೆಂದು ಹೀಗಳೆಯುವುದು ನ್ಯಾಯವಲ್ಲ.

ಮುಂದಿನ ಪಾಠಗಳಲ್ಲಿ ೧೯೯೯ರ ಪ್ಲೇಸ್ಟೇಷನ್ ಪ್ರತಿಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ: ಚಿತ್ರಗಳು ಹಳೆಯವೇ, ಗಣಕದಲ್ಲಿ ರಚಿಸಿದ ಚಲನಚಿತ್ರದ ತುಣುಕುಗಳನ್ನು ಮಾತ್ರ ಕೂಡಿಸಿ, ತಟ್ಟೆಯಿಂದ ಓದುವ ವಿಳಂಬವನ್ನೂ ಕೂಡಿಸಿದರು. ೨೦೦೬ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ ಅಂಗೈಯಂತ್ರಕ್ಕೆ ಬಂದ ಪ್ರತಿಯಲ್ಲಿ ತೆರೆ ೨೪೦ಕ್ಕೆ ೧೬೦ ಬಿಂದುಗಳಿಗೆ ಕುಗ್ಗಿದುದರಿಂದ ದೃಶ್ಯದ ಅಂಚುಗಳು ಕತ್ತರಿಸಿಹೋದುವು, ವರ್ಣಗಳನ್ನೂ ತಿಳಿಗೊಳಿಸಿದರು. ಆ ಯಂತ್ರದ ಮೊದಲ ಮಾದರಿಗೆ ಹಿಂಬೆಳಕಿಲ್ಲದಿದ್ದುದನ್ನು ನೆನೆದರೆ ಇದು ದೋಷವಲ್ಲ, ಉಪಾಯ. ಬೆಳಕುಳ್ಳ ತೆರೆಯಲ್ಲಿ ಅದೇ ಪ್ರತಿಯು ಸುಣ್ಣ ಬಳಿದಂತೆ ಕಾಣುವುದು.

೨೦೧೪ರಲ್ಲಿ ಮೊಬೈಲ್ ಫೋನುಗಳಿಗೆ ಬಂದ ಪ್ರತಿಯಾದರೋ ಎಣಿಕೆಯ ಮಾನದಂಡಕ್ಕೆ ಸ್ಪಷ್ಟವಾದ ಪ್ರತ್ಯುತ್ತರ. ಬಿಂದುಗಳು ಹೆಚ್ಚಿದುವು, ಅಂಚುಗಳು ನಯವಾದುವು. ಆದರೂ ಅದು ರಸಿಕರಿಗೆ ರುಚಿಸಲಿಲ್ಲ. ಕಾರಣವು ಸ್ಪಷ್ಟ. ಆಕೃತಿಗಳೂ ಹಿನ್ನೆಲೆಯೂ ಒಂದೇ ಕೈಯ ಕೆಲಸವೆಂದು ತೋರದೆ, ನೆಲಕ್ಕೆ ಅಂಟಿಸಿದ ಚೀಟಿಗಳಂತೆ ಪಾತ್ರಗಳು ಜಾರಾಡುವುವು. ಸೂಚನೆಯಿಂದ ನಿಂತಿದ್ದ ಮುಖವನ್ನು ಬಿಡಿಸಿ ಬರೆದ ಕೂಡಲೇ ಅದು ಬೊಂಬೆಯ ಮುಖವಾಯಿತು. ಇದೇ ಪಾಠವು ೨೦೧೫ರಲ್ಲಿ ಗಣಕಕ್ಕೂ ಬಂದು, ೨೦೨೧ರಲ್ಲಿ ಅಲ್ಲಿಯ ಮಾರಾಟದಿಂದ ಹಿಂದೆಗೆಯಲ್ಪಟ್ಟಿತು.

೨೦೨೨ರ ಫೆಬ್ರುವರಿಯಲ್ಲಿ ಪ್ರಕಟವಾದ ಪಿಕ್ಸೆಲ್ ರೀಮಾಸ್ಟರ್ ಎಂಬ ಪರಿಷ್ಕರಣವು ಇದಕ್ಕಿಂತ ಎಷ್ಟೋ ವಿವೇಕವುಳ್ಳದ್ದು. ಬಿಂದುಗಳ ಪದ್ಧತಿಗೇ ಮರಳಿ, ಶಿಬುಯಾ ಅವರ ಸಹಯೋಗದಿಂದ ಆಕೃತಿಗಳನ್ನು ಹೊಸದಾಗಿ ಬಿಡಿಸಿ, ಅಗಲವಾದ ತೆರೆಗೆ ದೃಶ್ಯಗಳನ್ನು ಹೊಂದಿಸಿದರು. ಆದರೆ ಮೊದಲು ಬಂದಾಗ ಇಂಗ್ಲಿಷ್ ಪಾಠದ ಅಕ್ಷರಗಳು ಇರುಕಾಗಿಯೂ ತೆಳ್ಳಗೂ ಇದ್ದು ಬಿಂದುಚಿತ್ರಕ್ಕೆ ಒಪ್ಪದೆ ಹೋದುವು. ೨೦೨೩ರಲ್ಲಿ ಸ್ವಿಚ್ ಮತ್ತು ಪ್ಲೇಸ್ಟೇಷನ್ ೪ ಯಂತ್ರಗಳಿಗೆ ಬಂದ ಪ್ರತಿಯಲ್ಲಿ ಬೇರೆ ಅಕ್ಷರಗಳ ಆಯ್ಕೆಯನ್ನು ಕೊಟ್ಟರು. ಹಳೆಯ ಟೆಲಿವಿಷನ್ನಿನ ತೋರಿಕೆಯನ್ನು ಅನುಕರಿಸುವ ಸೋಸುಗೆಯೂ ಅದರಲ್ಲುಂಟು. ಗಾಜಿನ ತೆರೆಯು ಚಿತ್ರದ ಒಂದು ಭಾಗವೇ ಆಗಿದ್ದಿತೆಂಬುದನ್ನು ಪ್ರಕಾಶಕರೇ ಹೀಗೆ ಒಪ್ಪಿಕೊಂಡಂತಾಯಿತು.

ಈ ಪಾಠದಲ್ಲಿ ನಿಜವಾಗಿ ಚರ್ಚಾಸ್ಪದವಾದುದು ಗೀತನಾಟಕದ ಪ್ರಸಂಗ. ಸೇನಾನಿಯಾಗಿದ್ದ ಸೆಲೆಸ್ ಎಂಬ ತರುಣಿಯು ನಟಿಯ ವೇಷ ತೊಟ್ಟು ಹಾಡುವ ಈ ದೃಶ್ಯ ಇಡೀ ಕೃತಿಯ ಹೃದಯಸ್ಥಾನ. ಮೂಲದ ಯಂತ್ರವು ಮಾನವಕಂಠವನ್ನು ಹಾಡಿಸಲಾರದೆ, ಕಂಠದಂತೆ ಕೇಳುವ ಸ್ವರವೊಂದನ್ನು ನುಡಿಸಿ, ಸಾಹಿತ್ಯವನ್ನು ತೆರೆಯ ಮೇಲೆ ಬರೆದು ತೋರಿಸುತ್ತಿದ್ದಿತು. ಹೊಸ ಪಾಠದಲ್ಲಿ ಏಳು ಭಾಷೆಗಳಲ್ಲಿ ಗಾಯಕರು ಹಾಡುವರು. ರಂಗವು ಆಳವನ್ನು ಪಡೆದು, ದೃಷ್ಟಿಯು ಅದರ ಸುತ್ತ ತೇಲುವುದು. ವೈಭವಕ್ಕೆ ಕೊರತೆಯಿಲ್ಲ. ಆದರೆ ಹಾಡಲು ಬಾರದ ಪುಟ್ಟ ಆಕೃತಿಯು ಹಾಡುತ್ತಿರುವಳೆಂದು ನಂಬಿಸಿದ ಆ ಹಳೆಯ ಮೌನದ ಮುಂದೆ ಈ ವೈಭವವು ಸ್ವಲ್ಪ ಬಾಯಾಡಿಯೆಂದೇ ತೋರುವುದು.

ಮೂರು ಆಯಾಮಗಳ ಆಟಗಳಲ್ಲಿ ಎಣಿಕೆಗೆ ಹೆಚ್ಚು ಅಧಿಕಾರವುಂಟೆಂಬುದನ್ನು ಒಪ್ಪಬೇಕು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯವರ ವಿಚರ್ ೩ (೨೦೧೫) ಪ್ಲೇಸ್ಟೇಷನ್ ೪ರಲ್ಲಿ ೧೯೨೦ಕ್ಕೆ ೧೦೮೦ ಬಿಂದುಗಳಲ್ಲಿ ಮೂಡುವುದು. ೨೦೧೯ರಲ್ಲಿ ಸ್ವಿಚ್ ಯಂತ್ರಕ್ಕೆ ಇಳಿಸಿದಾಗ ಕೈಯಲ್ಲಿ ಹಿಡಿದು ಆಡುವಾಗಿನ ಮಿತಿ ೯೬೦ಕ್ಕೆ ೫೪೦, ಅಂದರೆ ಕಾಲುಭಾಗ. ಕಾಡಿನ ದೂರದ ಮರಗಳು ಮಸುಕಾಗುವುವು. ನಷ್ಟವು ನಿಜವಾದ ನಷ್ಟವೇ. ಆದರೂ ೬.೨ ಅಂಗುಲದ ತೆರೆಯಲ್ಲಿ ಕಣ್ಣು ಅದನ್ನು ಬಹುಮಟ್ಟಿಗೆ ಕ್ಷಮಿಸುವುದು. ಟೆಲಿವಿಷನ್ನಿಗೆ ಜೋಡಿಸಿದೊಡನೆ ಬಿಂದುಗಳು ಹೆಚ್ಚಿದರೂ ಕ್ಷಮಿಸದು.

ಈ ತಾರತಮ್ಯವು ರುಚಿಯ ಜಗಳವಾಗಿಯೇ ಉಳಿಯುವಂತಹುದಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ನಿನವರು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ ೨೦೧೦ಕ್ಕಿಂತ ಹಿಂದೆ ಹೊರಟ ಆಟಗಳಲ್ಲಿ ನೂರಕ್ಕೆ ೮೭ರಷ್ಟು ವ್ಯಾಪಾರದಲ್ಲಿ ದೊರೆಯುವುದಿಲ್ಲ. ಹೊಸ ಪಾಠವು ಬಂದಾಗ ಹಳೆಯದನ್ನು ಅಂಗಡಿಯಿಂದ ತೆಗೆಯುವ ಪದ್ಧತಿಯೂ ಉಂಟಾಗಿರುವುದರಿಂದ, ಮುಂದಿನವರು ಮೂಲವೆಂದು ಯಾವುದನ್ನು ನೋಡುವರೆಂಬುದು ಪ್ರಕಾಶಕರ ಇಚ್ಛೆಗೆ ಸೇರಿಹೋಗಿದೆ. ೨೦೧೭ರಲ್ಲಿ ನಿಂಟೆಂಡೋ ಸಂಸ್ಥೆಯವರು ಹೊರಡಿಸಿದ ಹಳೆಯ ಯಂತ್ರದ ಕಿರುಪ್ರತಿಯಲ್ಲಿ ಈ ಆಟದ ೧೯೯೪ರ ಪಾಠವು ಸೇರಿದ್ದು, ಅದನ್ನು ನೋಡಲು ಮೂರು ರೀತಿಗಳಿದ್ದುವು: ಗಾಜಿನ ತೆರೆಯ ಅನುಕರಣ, ನಾಲ್ಕಕ್ಕೆ ಮೂರರ ಪ್ರಮಾಣ, ಚೌಕಬಿಂದುಗಳ ಪ್ರಮಾಣ. ಪಾಠಾಂತರಗಳನ್ನು ಒಂದೇ ಪುಟದಲ್ಲಿ ಕೊಟ್ಟ ಆ ಪೆಟ್ಟಿಗೆಯ ತಯಾರಿಕೆ ಈಗ ನಿಂತುಹೋಗಿದೆ.